ಹೋದರೆ ಹೋಗಲಿ ಎನ್ನುವ ಫಿಲ್ಮು

“ಗುರುಗಳೇ, ನಾಳೆಯಿಂದ ಇಬ್ಬರು ಮಕ್ಕಳಿಗೆ ನೀನೇ ಪಿಟೀಲು ಹೇಳಿಕೊಡು ಎಂದಿರಿ. ನಾನು ಇದುವರೆಗೆ ಯಾರಿಗೂ ಹೇಳಿಕೊಟ್ಟವನಲ್ಲ. ಕಮಾನು ಹಿಡಿಯುವ ಕೈ ಮೊದಲ ತಿಂಗಳಲ್ಲಿ ಕೆಟ್ಟರೆ ಮತ್ತೆ ತಿದ್ದುವುದು ಕಷ್ಟ ಎಂದು ನೀವೇ ಹೇಳುತ್ತೀರಿ. ಇಬ್ಬರಲ್ಲಿ ಒಬ್ಬಳಿಗೆ ಒಳ್ಳೆಯ ಕಿವಿಯಿದೆ. ಇನ್ನೊಬ್ಬನಿಗೆ ಶ್ರುತಿ ಸೇರಿತೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಒಂದಷ್ಟು ದಿನ ಅವನಿಗೆ ಹೇಳಿಕೊಟ್ಟು, ನನ್ನ ತಪ್ಪುಗಳೆಲ್ಲ ಅಲ್ಲಿ ಮುಗಿದ ಮೇಲೆ ಅವಳಿಗೆ ಶುರು ಮಾಡಲೇ?”

ಗುರುಗಳು ಕಮಾನಿಗೆ ರಾಳ ಉಜ್ಜುತ್ತಿದ್ದರು. ಉಜ್ಜುವುದನ್ನು ನಿಲ್ಲಿಸದೆ ಈ ಕತೆ ಹೇಳಿದರು.

ಒಬ್ಬ ಪಾತ್ರೆ ವರ್ತಕನಿದ್ದ. ಪಾತ್ರೆ ಮಾರುವವರು ಹುಷಾರಿನ ಜನ. ಕೊಳ್ಳುವವರು ಕೊಡವನ್ನು ಎರಡು ಸಲ ತಟ್ಟಿ ನೋಡಿದರೆ, ಇವರು ಅದಕ್ಕೆ ಮೊದಲೇ ನಾಲ್ಕು ಸಲ ತಟ್ಟಿ ನೋಡಿರುತ್ತಾರೆ. ಈ ವರ್ತಕ ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಿದ್ದ. ಬೀದಿಯ ತುದಿಯವರೆಗೆ ಹೋಗಿ, ಹಿಂದಿರುಗಿ ಬಂದು ನಾಲ್ಕನೆಯ ಸಲ ಜಗ್ಗುತ್ತಿದ್ದ. ಹೀಗೆ ಅವನಿಗೆ ಐವತ್ತಾರು ವರ್ಷವಾಯಿತು. ಅಂಗಡಿಯಲ್ಲಿ ಒಂದು ಲೋಟವೂ ಕಳುವಾಗಿರಲಿಲ್ಲ. ಮನೆಯಲ್ಲಿ ಒಂದು ಊಟವೂ ರುಚಿಸಿರಲಿಲ್ಲ.

ಅವನಿಗೆ ಒಂದೂವರೆ ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅವಳ ಫೋಟೋ ಇದ್ದದ್ದು ಒಂದೇ. ಅದರಲ್ಲಿ ಅವಳು ಕಣ್ಣು ಮುಚ್ಚಿದ್ದಳು. ನೆಂಟರು ಅವನನ್ನು ಕಂಡಾಗಲೆಲ್ಲ, “ನಡೆಯೋದು ಥೇಟ್ ನಿಮ್ಮಮ್ಮನ ಹಾಗೇ ಕಣೋ” ಎನ್ನುತ್ತಿದ್ದರು. ಹಾಗೆ ಎಂದರೆ ಹೇಗೆ ಎಂಬುದು ಅವನಿಗೆ ತಿಳಿಯದು. ತನ್ನ ನಡಿಗೆಯನ್ನು ತಾನೇ ನಿಂತು ನೋಡಲು ಯಾರಿಂದ ಆಗುತ್ತದೆ?

ಒಂದು ದಿನ ಸೋದರಮಾವನ ಮನೆಯಿಂದ ಟ್ರಂಕು ಬಂತು. ಮಾವ ಹಡಗಿನಲ್ಲಿ ಕೆಲಸಕ್ಕಿದ್ದವನು, ಈಚೆಗೆ ತೀರಿಕೊಂಡಿದ್ದ. ಟ್ರಂಕಿನೊಳಗೆ, ಮನೆಯಲ್ಲೇ ಗೋಡೆಯ ಮೇಲೆ ಸಿನಿಮಾ ಬಿಡುವ ಹಳೆಯ ಕಾಲದ ಪ್ರೊಜೆಕ್ಟರ್ ಒಂದಿತ್ತು. ಜೊತೆಗೆ ಅಂಗೈಯಗಲದ ಫಿಲ್ಮಿನ ಸುರುಳಿ. ಅದರ ಡಬ್ಬಿಯ ಮೇಲೆ ಮಾವ ಬರೆದಿದ್ದ: ‘ಅಕ್ಕ, ಹಿತ್ತಲಲ್ಲಿ.’

ವರ್ತಕ ಡಬ್ಬಿ ತೆರೆದ, ಮುಚ್ಚಿದ. ತೆರೆದಿಡಲು ಭಯ, ಮುಚ್ಚಿಡಲು ಇನ್ನೂ ಭಯ. ಮೂರು ದಿನ ಬಿಟ್ಟು ಯಂತ್ರವನ್ನೂ ಡಬ್ಬಿಯನ್ನೂ ಪಕ್ಕದ ಊರಿನ ರಿಪೇರಿಯವನ ಬಳಿಗೆ ಒಯ್ದ. ರಿಪೇರಿಯವ ಹಿಂದೆ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಟಾಕೀಸು ಮುಚ್ಚಿದ ಮೇಲೆ ಮಿಕ್ಸಿ ರಿಪೇರಿ ಮಾಡಿಕೊಂಡಿದ್ದ. ಅವನು ಯಂತ್ರದ ಸವೆದ ಬೆಲ್ಟು ತೆಗೆದು ಬೇರೆ ಹಾಕಿದ, ಧೂಳು ಒರೆಸಿದ, ಎರಡು ತೊಟ್ಟು ಎಣ್ಣೆ ಬಿಟ್ಟ. ದೀಪ ಹತ್ತಿತು. ಆಮೇಲೆ ಡಬ್ಬಿಯನ್ನು ಮೂಗಿಗೆ ಹಿಡಿದ.

“ಹುಳಿ ವಾಸನೆ ನೋಡಿ ಸಾಹುಕಾರ್ರೇ. ಫಿಲ್ಮು ಕೆಡೋಕೆ ಶುರುವಾಗಿದೆ. ಮುಂದಿನ ವರ್ಷ ನೋಡಿದರಾಯಿತು ಅಂದರೆ ಹಪ್ಪಳ ಆಗಿರುತ್ತೆ.”

“ಹಾಗಾದರೆ ಈಗಲೇ ಹಾಕಿಬಿಡಿ!”

“ಈಗಲಾ? ಈ ಮಿಶನ್ನಿನ ಹಲ್ಲಿಗೆ ಎಷ್ಟು ವರ್ಷದಿಂದ ಕೆಲಸ ಇಲ್ಲ. ಮೊದಲನೇ ತುತ್ತಿಗೆ ನಿಮ್ಮಮ್ಮನ್ನೇ ಕೊಡ್ತೀರಾ?”

ವರ್ತಕ ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡ.

ರಿಪೇರಿಯವ ಫಿಲ್ಮು ಪೋಣಿಸುವ ದಾರಿಯನ್ನು ಬೆರಳಿನಿಂದ ತೋರಿಸಿದ. ಮೇಲಿನ ಸುರುಳಿಯಿಂದ ಹಲ್ಲಿನ ಚಕ್ರಕ್ಕೆ, ಅಲ್ಲಿಂದ ಬೆಳಕು ಹಾಯುವ ಕಿಂಡಿಗೆ, ಮತ್ತೆ ಹಲ್ಲಿನ ಚಕ್ರಕ್ಕೆ, ಕೊನೆಗೆ ಕೆಳಗಿನ ಸುರುಳಿಗೆ. “ಎಳೆದು ಬಿಗಿ ಮಾಡಬೇಡಿ. ಕಿಂಡಿ ಮೇಲೂ ಕೆಳಗೂ ಬೆರಳು ತೂರುವಷ್ಟು ಸಡಿಲ ಬಿಡಿ. ನಿಲ್ಲಿಸುವಾಗ ಮೊದಲು ದೀಪ, ಆಮೇಲೆ ಮೋಟಾರು. ಹಿಂದುಮುಂದಾದರೆ ಫಿಲ್ಮು ನಿಂತಲ್ಲೇ ಸುಡುತ್ತೆ. ಎಲ್ಲಕ್ಕೂ ಮೊದಲು, ಹೋದರೆ ಹೋಗಲಿ ಅನ್ನೋವಂಥ ಫಿಲ್ಮು ಒಂದನ್ನು ಓಡಿಸಿ ನೋಡಿ. ಅದು ಸಲೀಸಾಗಿ ಓಡಿದರೆ ಆಮೇಲೆ ಇದು.”

“ಅಂಥದ್ದು ಎಲ್ಲಿ ಸಿಗುತ್ತೆ?”

“ನನ್ನ ಹತ್ತಿರ ಇರೋದೆಲ್ಲ ಟಾಕೀಸಿನ ದೊಡ್ಡ ಫಿಲ್ಮು. ಇದರ ಬಾಯಿಗೆ ಹಿಡಿಯಲ್ಲ. ಹುಡುಕಿ, ಯಾರ ಮನೇಲಾದರೂ ಇರುತ್ತೆ.”

ವರ್ತಕ ಎಲ್ಲವನ್ನೂ ಒಂದು ರಟ್ಟಿನ ಮೇಲೆ ಬರೆದುಕೊಂಡು ಮನೆಗೆ ಬಂದ. ಮಾರನೆಯ ದಿನದಿಂದ ಹುಡುಕಲು ಹೊರಟ. ಬೆಲೆಬಾಳುವ ವಸ್ತು ಬೇಕೆಂದರೆ ಊರಿನಲ್ಲಿ ಹತ್ತು ಜನ ತೋರಿಸುತ್ತಾರೆ. ಹೋದರೆ ಹೋಗಲಿ ಎನ್ನುವ ವಸ್ತು ಬೇಕೆಂದಾಗ ಅದು ಯಾರ ಮನೆಯಲ್ಲೂ ಇರಲಿಲ್ಲ. ಡಾಕ್ಟರ ಮನೆಯಲ್ಲಿ ಒಂದು ಸುರುಳಿಯಿತ್ತು, ಮಗನ ನಾಮಕರಣದ್ದು. ವಕೀಲರ ಮನೆಯಲ್ಲಿ ಎರಡಿದ್ದವು. ಡಬ್ಬಿಯನ್ನು ಮುಟ್ಟಲೂ ಬಿಡಲಿಲ್ಲ. ಎಲ್ಲರ ಫಿಲ್ಮಿನಲ್ಲೂ ಅವರವರ ಅಮ್ಮಂದಿರೇ ಇದ್ದರು.

ದಿನಾ ಬೆಳಿಗ್ಗೆ ಅವನು ಡಬ್ಬಿ ತೆರೆದು ಮೂಸುತ್ತಿದ್ದ. ನಿನ್ನೆಗಿಂತ ಇವತ್ತು ಹುಳಿ ಹೆಚ್ಚಿದೆ ಎನಿಸುತ್ತಿತ್ತು. ಗಾಳಿ ತಾಗಿ ಹೆಚ್ಚಾಯಿತೋ ಎಂದು ಮುಚ್ಚುತ್ತಿದ್ದ. ಮುಚ್ಚಿದ್ದರಿಂದಲೇ ಹೆಚ್ಚಾಯಿತೋ ಎಂದು ಮತ್ತೆ ತೆರೆಯುತ್ತಿದ್ದ. ಹೆಂಡತಿ ಬಡಿಸಿದ ಸಾರಿನಲ್ಲೂ ಅದೇ ವಾಸನೆ ಬರತೊಡಗಿತು. ಆಕೆ ಎರಡು ದಿನ ಹುಣಿಸೆಹಣ್ಣು ಕಡಿಮೆ ಹಾಕಿದಳು, ಮೂರನೆಯ ದಿನ ಮಾತು ಬಿಟ್ಟಳು.

ಕೊನೆಗೆ ಯಾರೋ ಒಬ್ಬರು, ಹಿಂದೆ ದೊಡ್ಡವರ ಮನೆಯಲ್ಲಿ ಅಡುಗೆಗಿದ್ದವನೊಬ್ಬನ ಹೆಂಡತಿಯ ಮನೆ ತೋರಿಸಿದರು. ಅಡುಗೆಯವ ತೀರಿಕೊಂಡು ಬಹಳ ಕಾಲವಾಗಿತ್ತು. ಮುದುಕಿ ಒಬ್ಬಳೇ ಇದ್ದಳು, ಹೂ ಕಟ್ಟಿ ಮಾರಿಕೊಂಡು. ಕೇಳಿದ ಕೂಡಲೇ ಗೂಡಿನಿಂದ ಒಂದು ಡಬ್ಬಿ ತಂದು ಅವನ ಕೈಗಿಟ್ಟಳು.

“ಇದರಲ್ಲಿ ಏನಿದೆ ಅಮ್ಮಾ?”

“ನಾನೇನು ಕಂಡಿದ್ದೀನಪ್ಪ. ಅಣೆಕಟ್ಟು ಕಟ್ಟುವಾಗ ನಮ್ಮ ಯಜಮಾನರು ಒಬ್ಬ ಪರದೇಶದ ಇಂಜಿನಿಯರ ಮನೇಲಿ ಅಡುಗೆಗಿದ್ದರು. ದೊರೆ ಊರು ಬಿಡುವಾಗ ಇದನ್ನು ಕೊಟ್ಟುಹೋದರು. ಡಬ್ಬಿ ಕೊಟ್ಟ ಪುಣ್ಯಾತ್ಮ ಮಿಶನ್ನು ಕೊಡಬಾರದಾ? ನಲವತ್ತೆಂಟು ವರ್ಷ ಆಯಿತು. ಒರೆಸೋದು, ಇಡೋದು. ಅಷ್ಟೇ ನನ್ನ ಸಿನಿಮಾ.”

ವರ್ತಕ ಫಿಲ್ಮಿನ ತುದಿಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. ಒಂದು ನಾಯಿ ಕಂಡಿತು. ಸ್ವಲ್ಪ ಬಿಚ್ಚಿದ. ಜೀಪು ಕಂಡಿತು. ಮತ್ತೂ ಸ್ವಲ್ಪ ಬಿಚ್ಚಿದ. ನಾಯಿ ಜೀಪಿನಲ್ಲಿ ಕೂತಿತ್ತು. ಪಾತ್ರೆ ಕೊಳ್ಳುವಾಗ ಮಗುಚಿ ತಳ ನೋಡದೆ ಬಿಡದ ಮನುಷ್ಯ ಆ ದಿನ ಮೇಲಿನ ಒಂದು ಗೇಣು ನೋಡಿ ಸಾಕು ಮಾಡಿದ. ಎಷ್ಟೋ ದಿನದ ಮೇಲೆ ಅವನಿಗೆ ಎದೆ ಹಗುರವಾಯಿತು.

“ನಾಯಿ ಅಮ್ಮಾ. ಬರೀ ನಾಯಿ.”

“ಇರಲಿ ಬಿಡು, ಅದೂ ದೊರೆ ಮನೆ ನಾಯಿ. ನಾನೂ ಬರಲಾ ನೋಡೋಕೆ?”

“ಮೊದಲು ನಾನೊಂದು ಸಲ ಹಾಕಿ ನೋಡ್ತೀನಿ. ಸರಿ ಬಂದರೆ ಹೇಳಿ ಕಳಿಸ್ತೀನಿ.”

“ಆಗಲಿ. ಜೋಪಾನ ಅಂತ ನಿನಗೆ ಹೇಳೋದೇ ಬೇಡ. ಬೀಗ ನಾಲ್ಕು ಸಲ ಜಗ್ಗೋನು ನೀನು, ಊರಿಗೇ ಗೊತ್ತು” ಎಂದು ಮುದುಕಿ ನಕ್ಕಳು.

ಇದು ಯಂತ್ರವನ್ನು ಪರೀಕ್ಷಿಸಲು ಎಂಬ ಮಾತನ್ನು ವರ್ತಕ ಎತ್ತಲಿಲ್ಲ. ಅವಳು ಕೇಳಿರಲೂ ಇಲ್ಲ.

ಭಾನುವಾರ ಮಧ್ಯಾಹ್ನ ಅವನು ಕಿಟಕಿಗಳಿಗೆ ಕಂಬಳಿ ಕಟ್ಟಿದ. ಗೋಡೆಯ ಮೇಲೆ ಬಿಳಿ ಪಂಚೆ ಬಿಗಿದ. ರಟ್ಟನ್ನು ಎದುರಿಗಿಟ್ಟುಕೊಂಡು ಮುದುಕಿಯ ಫಿಲ್ಮನ್ನು ಪೋಣಿಸಿದ. ಕಿಂಡಿಯ ಮೇಲೆ ಕೆಳಗೆ ಬೆರಳು ತೂರುವಷ್ಟು ಸಡಿಲ ಬಿಟ್ಟ. ಆದರೆ ಆ ಸಡಿಲ ಅವನ ಕಣ್ಣಿಗೆ ಹಿಡಿಸಲಿಲ್ಲ. ಜಾರೀತು ಎನಿಸಿತು. ಎಲ್ಲೋ ಸಿಕ್ಕಿಕೊಂಡೀತು ಎನಿಸಿತು. ಹುಟ್ಟಿದಂದಿನಿಂದ ಯಾವುದನ್ನೂ ಸಡಿಲ ಬಿಟ್ಟವನಲ್ಲ. ಒಂದಿಷ್ಟು ಎಳೆದು ಬಿಗಿ ಮಾಡಿದ. ಈಗ ಭದ್ರವಾಗಿ ಕಂಡಿತು.

ಮೋಟಾರು ಹಾಕಿದ, ದೀಪ ಹಾಕಿದ. ನಾಯಿ ಓಡಿತು. ಜೀಪು ಬಂತು. ನಾಯಿ ಜೀಪು ಹತ್ತಿತು. ವರ್ತಕ ಪಂಚೆಯ ಕಡೆ ನೋಡಲಿಲ್ಲ, ಯಂತ್ರವನ್ನೇ ನೋಡುತ್ತಿದ್ದ. ಅದು ಒಂದೇ ಸಮನೆ ಟಕಟಕ ಎನ್ನುತ್ತಿತ್ತು. ಇನ್ನು ಅಮ್ಮನನ್ನು ಹಾಕಬಹುದು ಎಂದುಕೊಂಡ. ಅಷ್ಟರಲ್ಲಿ ಸದ್ದು ಬದಲಾಯಿತು. ತಲೆಯೆತ್ತಿದರೆ ಪಂಚೆಯ ಮೇಲೆ ಒಬ್ಬ ಹೆಂಗಸು ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬರುತ್ತಿದ್ದಳು. ಚಿತ್ರ ಕುಪ್ಪಳಿಸತೊಡಗಿತು. ಯಂತ್ರ ಕರಕರ ಎಂದು ಹಲ್ಲು ಕಡಿಯಿತು.

ಅವನನ್ನು ಹೆದರಿಸಿದ್ದು ಸದ್ದು. ಸದ್ದು ಮಾಡುತ್ತಿದ್ದುದು ಮೋಟಾರು. ಆದ್ದರಿಂದ ಅವನು ಮೊದಲು ಮೋಟಾರು ನಿಲ್ಲಿಸಿದ.

ಚಿತ್ರ ನಿಂತಿತು. ಇಷ್ಟು ಹೊತ್ತು ಇಲ್ಲದ ನಿಚ್ಚಳ ಈಗ ಅದಕ್ಕೆ ಬಂತು. ಇಪ್ಪತ್ತು ವರ್ಷದ ಹೆಂಗಸು, ಗಲ್ಲದ ಮೇಲೆ ಮಚ್ಚೆ. ಆ ಮಚ್ಚೆಯನ್ನು ಅವನು ಮೊನ್ನೆ ತಾನೇ ಮುದುಕಿಯ ಗಲ್ಲದ ಮೇಲೆ ನೋಡಿದ್ದ. ಅವಳು ಎರಡೂ ಕೈಯಲ್ಲಿ ಒಂದು ಎಳೆಯ ಮಗುವನ್ನು ಎತ್ತಿ ತೋರಿಸುತ್ತ ನಗುತ್ತಿದ್ದಳು. ಮಗುವಿನ ಕುಲಾವಿಯ ಅಂಚಿನಲ್ಲಿ ಒಂದು ಕಂದು ಚುಕ್ಕೆ ಕಾಣಿಸಿತು. ಚುಕ್ಕೆ ಅಗಲವಾಯಿತು, ಗುಳ್ಳೆಯೆದ್ದಿತು. ಮೊದಲು ಮಗು, ಆಮೇಲೆ ಆ ಕೈಗಳು, ಆಮೇಲೆ ನಗು. ಕೊನೆಗೆ ಪಂಚೆ ಮಾತ್ರ ಉಳಿಯಿತು. ಆಗ ಅವನು ದೀಪ ಆರಿಸಿದ.

ಅವನ ಬಾಯಿಂದ ಬಂದ ಮೊದಲ ಮಾತು, “ಸದ್ಯ!”

ಕಿಂಡಿಯಲ್ಲಿ ಅಂಟಿಕೊಂಡಿದ್ದ ಫಿಲ್ಮನ್ನು ಬಿಡಿಸುವಾಗ ಅಲ್ಲಿಂದ ಮುಂದೆ ಉಳಿದಿದ್ದ ಗಿಡ್ಡ ತುದಿಯೂ ಹರಿದು ಚೂರಾಯಿತು. ಹೆಂಗಸು ಬಾಗಿಲು ದಾಟಿದಲ್ಲಿಂದ ಹಲ್ಲು ಕಚ್ಚಿದ್ದನ್ನೂ ಹರಿದದ್ದನ್ನೂ ಕತ್ತರಿಸಿ ತೆಗೆದ. ಉಳಿದದ್ದನ್ನು ಅಂದವಾಗಿ ಸುತ್ತಿ ಡಬ್ಬಿಗೆ ಹಾಕಿ, ಮುಚ್ಚಳ ಕೂತಿದೆಯೇ ಎಂದು ಎರಡು ಸಲ ಒತ್ತಿ ನೋಡಿದ. ತಪ್ಪು ಎಲ್ಲಾಯಿತು ಎಂಬುದು ಈಗ ಅವನಿಗೆ ಚೆನ್ನಾಗಿ ತಿಳಿದಿತ್ತು. ಪರೀಕ್ಷೆಯ ಮಟ್ಟಿಗೆ ಹೇಳುವುದಾದರೆ ಅದು ಬಹಳ ಉಪಯುಕ್ತವಾದ ಪರೀಕ್ಷೆ.

ಕಿಂಡಿ ಒರೆಸಿ ತಾಯಿಯ ಫಿಲ್ಮನ್ನು ಹಾಕಿದ. ಬೇಕಾದಷ್ಟು ಸಡಿಲ ಬಿಟ್ಟ. ದೀಪದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತ. ಹಿತ್ತಲು ಕಾಣಿಸಿತು. ತಾಯಿ ಬಟ್ಟೆ ಒಣಹಾಕಿ, ಖಾಲಿ ಬುಟ್ಟಿ ಹಿಡಿದು ಅವನ ಕಡೆಗೇ ನಡೆದು ಬಂದಳು. ಎಡಗಾಲನ್ನು ಸ್ವಲ್ಪ ಹೊರಕ್ಕೆ ಹಾಕುತ್ತಿದ್ದಳು. ವರ್ತಕ ಕತ್ತಲಲ್ಲಿ ತನ್ನ ಎಡಗಾಲನ್ನು ಮುಟ್ಟಿ ನೋಡಿಕೊಂಡ. ಯಂತ್ರ ತೊಡರಲಿಲ್ಲ, ಸದ್ದು ಬದಲಾಗಲಿಲ್ಲ. ತಾಯಿ ಬುಟ್ಟಿ ಕೆಳಗಿಟ್ಟು, ಬಾಗಿ, ಎರಡೂ ಕೈಯಲ್ಲಿ ಒಂದು ಎಳೆಯ ಮಗುವನ್ನು ಎತ್ತಿ ತೋರಿಸುತ್ತ ನಗತೊಡಗಿದಳು.

ಫಿಲ್ಮು ಸಲೀಸಾಗಿ ಓಡುತ್ತಿತ್ತು. ಆದರೂ ಅವನು ನಿಲ್ಲಿಸಿಬಿಟ್ಟ. ಈ ಸಲ ಕ್ರಮ ತಪ್ಪಲಿಲ್ಲ. ಮೊದಲು ದೀಪ, ಆಮೇಲೆ ಮೋಟಾರು.

ಸಂಜೆ ಡಬ್ಬಿ ಹಿಂದಿರುಗಿಸಲು ಹೋದ. ಮುದುಕಿ ಒಗೆದ ಸೀರೆಯುಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಹೇಳಿ ಕಳಿಸಬಹುದು ಎಂದು ಬೆಳಿಗ್ಗೆಯಿಂದ ಹಾಗೇ ಕೂತಿದ್ದಳು.

“ಸರಿ ಬಂತಾ?”

“ಬಂತು.”

“ಏನಿತ್ತಪ್ಪ?”

“ನಾಯಿ. ಜೀಪು” ಎಂದ ವರ್ತಕ. ಅದು ಸುಳ್ಳಲ್ಲ. ಈಗ ಅದರಲ್ಲಿ ಇದ್ದದ್ದು ಅಷ್ಟೇ.

ಮುದುಕಿ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಒಂದು ದಿನ ದೊರೆ, ನಿನ್ನ ಮಗು ತಂದು ತೋರಿಸು ಅಂದಿದ್ದರು. ಕಣ್ಣಿಗೆ ಆ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದರು. ಎತ್ತಿ ಹಿಡಿದೆ. ನಾಲ್ಕನೇ ತಿಂಗಳಿಗೆ ಅದು ಹೋಯಿತು. ಒಂದು ಫೋಟೋನೂ ಇಲ್ಲ ನೋಡು. ಮುಖ ಮರೆತುಹೋಗಿದೆ. ಅದರಲ್ಲೇನಾದರೂ ಇದ್ದೀತು ಅಂತ ಇಟ್ಟುಕೊಂಡಿದ್ದೆ.”

ವರ್ತಕ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿದ. “ಇರಲಿಲ್ಲ ಅಮ್ಮಾ.”

“ಎಲ್ಲಿಂದ ಬರಬೇಕು. ದೊಡ್ಡೋರು ಹಾಗೇ, ನಮ್ಮ ಮನಸ್ಸಿಗೆ ಬೇಜಾರಾಗಬಾರದು ಅಂತ ತೆಗೆದ ಹಾಗೆ ಮಾಡಿರ್ತಾರೆ.” ಅವಳು ಡಬ್ಬಿಯನ್ನು ಅವನ ಕಡೆಗೆ ತಳ್ಳಿದಳು. “ನಾಯಿ ಇಟ್ಟುಕೊಂಡು ನಾನೇನು ಮಾಡಲಿ? ನಿನ್ನ ಹತ್ತಿರವೇ ಇರಲಿ. ಮಿಶನ್ನು ಸರಿಯಿದೆಯೋ ಇಲ್ಲವೋ ಅಂತ ಹಾಕಿ ನೋಡೋಕೆ ಯಾವುದಾದರೂ ಒಂದು ಬೇಕಾಗುತ್ತಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ತನ್ನದನ್ನು ಉಳಿಸಿಕೊಳ್ಳಲು ಇನ್ನೊಬ್ಬರದನ್ನು ಸುಡುವುದೇ? ಸಾಲದ್ದಕ್ಕೆ ಆ ಮುದುಕಿಯ ಮುಖ ನೋಡಿಕೊಂಡು ಅಂಥ ಮಾತು! ಇಂಥ ಮನುಷ್ಯರೂ ಇರುತ್ತಾರೆಯೇ ಗುರುಗಳೇ?”

ಗುರುಗಳು ಕಮಾನನ್ನು ಕೆಳಗಿಟ್ಟು ಹೇಳಿದರು: “ನನ್ನ ಮಗನಿಗೆ ಪಿಟೀಲು ಶುರು ಮಾಡುವ ಮೊದಲು ಒಂದು ವರ್ಷ ನಾನು ನಿನಗೆ ಹೇಳಿಕೊಟ್ಟೆ.”