ಕೌದಿ ಹೊದ್ದ ಕಂಪ್ಯೂಟರು

“ಗುರುಗಳೇ, ಇನ್ನು ನಾನು ಯಾವುದನ್ನು ಬದಲಿಸಲಿ?” ಎಂದು ಶಂಭುಲಿಂಗ ಕೇಳಿದ. ಅವನು ಶಿಷ್ಯನಾಗಿ ಮಠಕ್ಕೆ ಬಂದು ಎರಡು ವರ್ಷವಾಗಿತ್ತು. “ಧ್ಯಾನಕ್ಕೆ ಕುಳಿತರೆ ಸ್ವಲ್ಪ ಹೊತ್ತು ಮನಸ್ಸು ನಿಲ್ಲುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಕುಸಿದು ಬೀಳುತ್ತದೆ. ಎದ್ದು ಓಡಬೇಕೆನಿಸುತ್ತದೆ. ಆಸನ ಬದಲಿಸಿದೆ. ಕೂರುವ ಹೊತ್ತು ಬದಲಿಸಿದೆ. ಮನಸ್ಸಿಗೆ ಗದ್ದಲ ಬೇಡವೆಂದು, ಅಕ್ಕ ಬರೆದ ಕಾಗದಗಳನ್ನೂ ಒಡೆಯದೆ ಪೆಟ್ಟಿಗೆಗೆ ಹಾಕುತ್ತಿದ್ದೇನೆ. ಊಟದಲ್ಲಿ ಖಾರ ಬಿಟ್ಟೆ. ಆದರೂ ದಿನವೂ ಅದೇ ಪಾಡು. ಇವತ್ತು ಉತ್ತರ ಸಿಗದಿದ್ದರೆ ನಾಳೆ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತೇನೆ.”

ಗುರುಗಳು ನಕ್ಕರು. “ಬಸ್ಸು ಏಳೂವರೆಗೆ. ಅಷ್ಟರೊಳಗೆ ಒಂದು ಕತೆ ಮುಗಿಯುತ್ತದೆ, ಕೂತುಕೋ,” ಎಂದು ಹೇಳತೊಡಗಿದರು.

ಒಬ್ಬ ನಿವೃತ್ತ ಮಾಸ್ತರರಿದ್ದರು. ಮೂವತ್ತೈದು ವರ್ಷ ಇತಿಹಾಸ ಕಲಿಸಿದವರು. ತರಗತಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಪಾಠ ನಿಲ್ಲಿಸಿ, ಸದ್ದಡಗುವವರೆಗೆ ಕಿಟಕಿಯ ಆಚೆ ನೋಡುತ್ತ ನಿಲ್ಲುತ್ತಿದ್ದರು. ಅಂಥ ಮನುಷ್ಯ.

ಪಕ್ಕದ ಊರಿನಲ್ಲಿ ಕಣ್ಣು ಕಾಣದ ಒಬ್ಬ ಹೆಂಗಸು ಇದ್ದಳು. ಬೆತ್ತದ ಕುರ್ಚಿ ಹೆಣೆಯುತ್ತಿದ್ದಳು. ಶಿಕ್ಷಕಿಯಾಗಬೇಕೆಂಬುದು ಅವಳ ಆಸೆ. ಅದಕ್ಕೊಂದು ಪರೀಕ್ಷೆ ಇತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು, ಆದ್ದರಿಂದ ಇದೇ ಕೊನೆಯ ಸಲ. ಇಪ್ಪತ್ತು ಪಾಠಗಳನ್ನು ಓದಿ ಹೇಳುವವರು ಬೇಕು ಎಂದು ಕೇಳಿದಾಗ ಮಾಸ್ತರರು ಒಪ್ಪಿದರು. ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಓದುವುದು, ಅದನ್ನು ರೆಕಾರ್ಡ್ ಮಾಡಿ ಅವಳ ಫೋನಿಗೆ ಕಳಿಸುವುದು. ಐದು ಪಾಠ ಸಲೀಸಾಗಿ ಹೋದವು.

ಒಂದು ದಿನ ಮಾಸ್ತರರು ತಾವು ಓದಿದ್ದನ್ನು ತಾವೇ ಕೇಳಿ ನೋಡಿದರು. ಮಾತಿನ ಹಿಂದೆ ಗುಂಯ್ ಎಂಬ ಸದ್ದು. ಕಂಪ್ಯೂಟರಿನ ಫ್ಯಾನಿನದು. ತಮ್ಮ ಪಾಠದಲ್ಲಿ ಗದ್ದಲವೇ! ಅವರಿಗೆ ನಾಚಿಕೆಯಾಯಿತು. ಮಂಚದ ಮೇಲಿದ್ದ ಹಳೆಯ ಕೌದಿ ತಂದು ಕಂಪ್ಯೂಟರಿನ ಡಬ್ಬಕ್ಕೆ ನಾಲ್ಕೂ ಕಡೆ ಹೊದಿಸಿದರು. ಸದ್ದು ಅಡಗಿತು. ಮಾಸ್ತರರಿಗೆ ಸಮಾಧಾನವಾಯಿತು.

ಆರನೆಯ ಪಾಠ ಓದುತ್ತಿದ್ದಾಗ, ಇಪ್ಪತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದರು. ಮತ್ತೆ ಕಪ್ಪಾಯಿತು. ರೆಕಾರ್ಡ್ ಆದಷ್ಟನ್ನೇ ಕಳಿಸಿ, ಕರೆಂಟಿನ ದೋಷವಿರಬೇಕೆಂದು ಹೊಸ ಯುಪಿಎಸ್ ತಂದರು. ಮರುದಿನವೂ ಅದೇ ಹಾಡು. ರಿಪೇರಿಯವನನ್ನು ಕರೆಸಿದರು. ಅವನು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದ. ಇನ್ನೊಮ್ಮೆ ಬಂದು ರ‍್ಯಾಮ್ ಬದಲಿಸಿದ. ಮತ್ತೊಮ್ಮೆ ಬಂದು ಪವರ್ ಸಪ್ಲೈ ಬದಲಿಸಿದ. ಬಂದಾಗಲೆಲ್ಲ ಎರಡು ತಾಸು ಕಂಪ್ಯೂಟರ್ ಹಚ್ಚಿಟ್ಟು ನೋಡಿದ. ಅದು ಒಮ್ಮೆಯೂ ನಿಲ್ಲಲಿಲ್ಲ. ಮುಟ್ಟಿ ನೋಡಿದ. ತಣ್ಣಗಿತ್ತು.

ಯಾಕೆಂದರೆ, ಅವನು ಬರುತ್ತಾನೆಂದು ಗೊತ್ತಾದ ಕೂಡಲೇ ಮಾಸ್ತರರು ಕೋಣೆ ಗುಡಿಸಿ, ಕೌದಿಯನ್ನು ಮಡಚಿ ಮಂಚದ ಮೇಲೆ ಇಟ್ಟುಬಿಡುತ್ತಿದ್ದರು. ಹೊರಗಿನವರ ಎದುರು ಹರಕು ಕೌದಿಯನ್ನು ಯಾರು ಹರಡುತ್ತಾರೆ?

ಕೊನೆಗೆ ರಿಪೇರಿಯವನು ಕೇಳಿದ: “ಸರ್, ದಿನಾ ಹಿಂಗ ಇಟ್ಟು ಕೆಲಸ ಮಾಡ್ತೀರಿ?”

“ಹಿಂಗ ಮಾಡ್ತೀನಪಾ. ಇನ್ನ ಹೆಂಗ ಮಾಡ್ಲಿ?”

ಮಾಸ್ತರರು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕೌದಿಯೂ ಈ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ. ತೊಂದರೆ ಕೊಡುವುದನ್ನಷ್ಟೇ ಅವರು ಅನುಮಾನಿಸಿದರು. ಕೌದಿ ನೆಮ್ಮದಿ ಕೊಟ್ಟಿತ್ತಲ್ಲ!

ರಿಪೇರಿಯವನು ಹೋದ ಮೇಲೆ ಕೌದಿ ಮತ್ತೆ ಡಬ್ಬವನ್ನೇರುತ್ತಿತ್ತು. ಮಾಸ್ತರರು ಒಂದು ಕಣ್ಣು ಪುಸ್ತಕದ ಮೇಲೆ, ಒಂದು ಕಣ್ಣು ಪರದೆಯ ಮೇಲೆ ಇಟ್ಟು ಓದತೊಡಗಿದರು. ಕಪ್ಪಾಗುವ ಮೊದಲೇ ಮುಗಿಸಬೇಕೆಂದು ಓಡೋಡಿ ಓದಿದರು. ರಾಜರ ಹೆಸರುಗಳು ಒಂದರ ಮೇಲೊಂದು ಬಿದ್ದವು. ಅನ್ನ ಸೇರದಾಯಿತು. ಮನೆಯವರು ಮಾತಾಡಿಸಿದರೆ ಸಿಡುಕಿದರು. ಒಂದು ದಿನ ಡಬ್ಬಕ್ಕೆ ಅಂಗೈಯಿಂದ ಬಾರಿಸಿಯೂ ಬಿಟ್ಟರು. ಆಗಲೂ ಕೌದಿಯ ಮೇಲೇ ಬಾರಿಸಿದರು.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಮಾಸ್ತರರು ಆ ಹೆಂಗಸಿಗೆ ಫೋನ್ ಮಾಡಿದರು. “ನನ್ನ ಕಡೆಯಿಂದ ಆಗೂದಿಲ್ಲವ್ವಾ. ಕಂಪ್ಯೂಟರ್ ಕೈಕೊಟ್ಟತಿ. ಬ್ಯಾರೆ ಯಾರನ್ನರ ನೋಡ್ಕೋ.”

ಅವಳು ಅಳಲಿಲ್ಲ. ಹೇಳಿದಳು: “ಒಂದು ಮಾತು ಕೇಳ್ಲೇನ್ರಿ ಸರ್? ಮೊದಲಿನ ಐದು ಪಾಠದಾಗ ನಿಮ್ಮ ಮಾತಿನ ಹಿಂದ ಗುಂಯ್ ಅಂತ ಒಂದು ಸಪ್ಪಳ ಇತ್ರಿ. ಅವು ಒಂದೂ ನಡುವ ನಿಂತಿಲ್ಲ. ಆರನೇದರಿಂದ ಆ ಸಪ್ಪಳಿಲ್ಲ. ಆರನೇದರಿಂದನ ಎಲ್ಲಾ ಅರ್ಧಕ್ಕ ನಿಂತಾವು. ಆ ಸಪ್ಪಳ ಏನ್ ಮಾಡಿದ್ರಿ?”

“ನಿನಗ ತ್ರಾಸ ಆಗಬಾರದು ಅಂತ ಮುಚ್ಚೀನವ್ವಾ.”

“ನನಗ ಅದು ತ್ರಾಸ ಇರಲಿಲ್ರಿ. ನೀವು ಉಸಿರು ತಗೊಳ್ಳಾಕ ನಿಂತಾಗ ಅದು ಕೇಳಸ್ತಿತ್ತು. ಪಾಠ ಇನ್ನೂ ಐತಿ ಅಂತ ಧೈರ್ಯ ಬರ್ತಿತ್ತು.”

ಮಾಸ್ತರರು ಫೋನನ್ನು ಕಿವಿಗೆ ಹಿಡಿದೇ ಕೌದಿಯೊಳಗೆ ಕೈ ಹಾಕಿದರು. ಸುಟ್ಟಂತಾಗಿ ಹಿಂತೆಗೆದರು. ಬಿಸಿ ಹೊರಗೆ ಹಾಕುವುದೇ ಆ ಫ್ಯಾನಿನ ಕೆಲಸವಾಗಿತ್ತು. ಗಾಳಿಯಾಡುವ ದಾರಿಯನ್ನೆಲ್ಲ ಅವರು ತಮ್ಮ ಕೈಯಾರೆ ಮುಚ್ಚಿದ್ದರು. ಒಳಗೇ ಉಳಿದ ಬಿಸಿಗೆ, ಸುಟ್ಟುಹೋಗಬಾರದೆಂದು ಆ ಬಡಪಾಯಿ ಕಂಪ್ಯೂಟರು ತಾನಾಗಿ ಕಣ್ಣು ಮುಚ್ಚುತ್ತಿತ್ತು. ಮಾಸ್ತರರು ಅಲ್ಲೇ ಕುಳಿತು ಸಣ್ಣ ಮಕ್ಕಳ ಹಾಗೆ ಅತ್ತರು.

ಆಮೇಲೆ ಕೌದಿ ಕಿತ್ತೊಗೆದು ಆರನೆಯ ಪಾಠದಿಂದ ಮತ್ತೆ ಓದಿದರು. ಫ್ಯಾನು ಗುಂಯ್‌ಗುಟ್ಟುತ್ತಲೇ ಇತ್ತು. ಒಂಬತ್ತು ದಿನಕ್ಕೆ ಹದಿನೈದು ಪಾಠ. ಗಂಟಲು ಕಟ್ಟಿತು, ಕಂಪ್ಯೂಟರ್ ನಿಲ್ಲಲಿಲ್ಲ. ಒಂದೂ ಪಾಠ ಅರ್ಧಕ್ಕೆ ಉಳಿಯದೆ ಆ ಹೆಂಗಸು ಪರೀಕ್ಷೆಗೆ ಹೋದಳು.

ಗುರುಗಳು ಕತೆ ಮುಗಿಸಿ ನೀರು ಕುಡಿದರು.

ಶಂಭುಲಿಂಗನ ಚಡಪಡಿಕೆ ಇನ್ನೂ ಇಳಿದಿರಲಿಲ್ಲ. “ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ. ನಾನು ಯಾವುದನ್ನು ಬದಲಿಸಲಿ?”

ಗುರುಗಳು ಚೊಂಬನ್ನು ಕೆಳಗಿಟ್ಟು ಕೇಳಿದರು: “ಪೆಟ್ಟಿಗೆಯಲ್ಲಿ ನಿನ್ನ ಅಕ್ಕನ ಕಾಗದ ಎಷ್ಟಾಗಿವೆ?”

ಶಂಭುಲಿಂಗ ಎದ್ದು ಹೋಗಿ ಪೆಟ್ಟಿಗೆ ತೆರೆದ.