ಕುಂಕುಮದಡಿಯ ಕಲ್ಲು

ಹದಿಮೂರು ಕೆರೆಗಳ ಕಪ್ಪೆಗಳು ಸೇರಿ ಆನೆಯನ್ನು ಕಾವಲಿಗೆ ಇಟ್ಟುಕೊಂಡಾಗ, ಅದರ ಅಧಿಕಾರ ಎಷ್ಟೆಂದು ಒಂದು ಕಲ್ಲಿನ ಮೇಲೆ ಕೆತ್ತಿಸಿದವು. ಆಮೇಲೆ ವರ್ಷವರ್ಷವೂ ಆ ಕಲ್ಲಿಗೆ ಎಣ್ಣೆ, ಕುಂಕುಮ ಬಳಿದು ಕೈಮುಗಿದವೇ ಹೊರತು ಒಂದು ಕಪ್ಪೆಯೂ ಓದಲಿಲ್ಲ. ಅಕ್ಷರಗಳೆಲ್ಲ ಮುಚ್ಚಿಹೋದವು.

ಒಂದು ದಿನ ಆನೆ ಬಂದು, "ಇನ್ನು ಮೇಲೆ ನನ್ನ ಅಪ್ಪಣೆಯಿಲ್ಲದೆ ಯಾವ ಕೆರೆಯಲ್ಲೂ ಯಾರೂ ವಟಗುಟ್ಟಕೂಡದು. ಕಲ್ಲಿನಲ್ಲೇ ಹಾಗಿದೆ" ಎಂದಿತು.

"ಕಲ್ಲಿನಲ್ಲಿದ್ದರೆ ಮುಗಿಯಿತು" ಎಂದು ಕಪ್ಪೆಗಳು ತಲೆಬಾಗಿದವು.

ಕಲ್ಲಿನ ಮೇಲಿದ್ದ ಇರುವೆ ಕೇಳಿತು: "ಯಾವ ಸಾಲಿನಲ್ಲಿದೆ, ಆನೆರಾಯರೇ?"

"ನಿನಗೇನು ಗೊತ್ತು?"

"ಆ ಅಕ್ಷರಗಳೇ ನನ್ನ ದಾರಿ. ಇವರು ಬಳಿದ ಕುಂಕುಮವನ್ನು ತೋಡಿಕೊಂಡೇ ದಿನಾ ಓಡಾಡುತ್ತೇನೆ. ನಿಮಗೆ ಬರೆದದ್ದು ಎರಡೇ ಕೆಲಸ: ಬೆಂಕಿ ಬಿದ್ದರೆ ನೀರು ಎರಚುವುದು, ಹಾವು ಬಂದರೆ ಅಟ್ಟುವುದು. ಮಿಕ್ಕಿದ್ದೆಲ್ಲ ಆಯಾ ಕೆರೆಗೆ ಸೇರಿದ್ದು. ದನಿಯಂತೂ ಅವರವರದು."

ಕಪ್ಪೆಗಳು ನೀರು ತಂದು ಕಲ್ಲು ತೊಳೆದವು. ಇರುವೆ ಹೇಳಿದ್ದೇ ಅಲ್ಲಿತ್ತು. ಆನೆ ಕಾವಲಿಗೆ ಮರಳಿತು.

"ಹಾಗಾದರೆ ಮುಂದಿನ ವರ್ಷ ಪೂಜೆಗೆ ಏನು ತರೋಣ?" ಎಂದು ಮುದಿಕಪ್ಪೆಯೊಂದು ಕೇಳಿತು.

ಇರುವೆ ಹೇಳಿತು: "ಬರೀ ನೀರು ತನ್ನಿ. ತೊಳೆದು, ಆನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ."