ದೋಣಿ ಹಗುರ ಮಾಡಿದ ತಾಂಡೇಲ

"ಗುರುಗಳೇ, ಶಾಸ್ತ್ರಪಾಠ ಮುಗಿಯುತ್ತ ಬಂತು. ಕೊನೆಯದೊಂದು ಭಾಗ ಬಾಕಿ. ಜೊತೆಗೆ ಕಲಿಯುತ್ತಿರುವ ಬೋಳಯ್ಯನಿಗೆ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ. ಅವನನ್ನು ಬಿಟ್ಟು ನಾನೊಬ್ಬನೇ ಮುಂದೆ ಹೋದರೆ ತಪ್ಪೇ?" ಎಂದು ಶಂಭುಲಿಂಗ ಕೇಳಿದ.

"ನಿನಗೆ ಅವಸರವಿದೆ, ಗೊತ್ತು. ಆದರೂ ಸ್ವಲ್ಪ ಕೂತುಕೋ," ಎಂದು ಗುರುಗಳು ಕತೆ ಶುರುಮಾಡಿದರು.

ಕಡಲ ದಂಡೆಯ ಒಂದೂರಿನಲ್ಲಿ ಒಬ್ಬ ತಾಂಡೇಲನಿದ್ದ. ತಾಂಡೇಲನೆಂದರೆ ದೋಣಿಯ ಮುಖ್ಯಸ್ಥ. ಆ ಊರಿನಲ್ಲಿ ವರ್ಷಕ್ಕೊಮ್ಮೆ ಹಾಯಿದೋಣಿಗಳ ಪಂದ್ಯ ನಡೆಯುತ್ತಿತ್ತು. ದೂರದ ದ್ವೀಪಗಳನ್ನೆಲ್ಲ ಸುತ್ತಿ, ವಾರಗಟ್ಟಲೆ ಕಡಲಿನಲ್ಲಿದ್ದು, ಮರಳಿ ಊರು ಸೇರಬೇಕು. ಆದರೆ ದಡ ಮುಟ್ಟಿದ ಮಾತ್ರಕ್ಕೆ ಗೆದ್ದಂತಲ್ಲ. ಮರಳು ಏರದ ದೋಣಿಯನ್ನು ಆ ಊರಿನವರು ಮನೆಗೆ ಬಂದದ್ದೆಂದು ಒಪ್ಪುತ್ತಿರಲಿಲ್ಲ. ಒಣ ಮರಳಿನಲ್ಲಿ ನೆಟ್ಟ ಬಾವುಟದವರೆಗೆ ಅದನ್ನು ಎಳೆದು ತರಬೇಕು. ಎಳೆಯುವವರು ಅದರಲ್ಲಿ ಬಂದವರೇ ಆಗಿರಬೇಕು. ದಂಡೆಯ ಮೇಲಿದ್ದವರು ಬೆರಳು ಸೋಕಿಸುವಂತಿಲ್ಲ. ಗೆದ್ದ ದೋಣಿ ಆ ವರ್ಷ ಮೀನು ಹಿಡಿಯಲು ಎಲ್ಲರಿಗಿಂತ ಮೊದಲು ಕಡಲಿಗಿಳಿಯುತ್ತಿತ್ತು. ಉಳಿದವು ಅದರ ಹಿಂದೆ.

ಈ ಮರ್ಯಾದೆ ತಾಂಡೇಲನ ಮನೆತನಕ್ಕೆ ಒಮ್ಮೆಯೂ ದಕ್ಕಿರಲಿಲ್ಲ. ಅಪ್ಪ ಅದೇ ಕೊರಗಿನಲ್ಲಿ ಕಣ್ಣು ಮುಚ್ಚಿದ. ಅಣ್ಣ ಕೆಲವು ವರ್ಷ ಹೆಣಗಾಡಿದ. ಆಮೇಲೆ ಚುಕ್ಕಾಣಿಯನ್ನು ತಾನಾಗಿಯೇ ತಮ್ಮನಿಗೆ ಕೊಟ್ಟು, ಅವನ ದೋಣಿಯಲ್ಲಿ ಹಗ್ಗ ಹಿಡಿಯುವ ಆಳಾಗಿ ಕೂತ. ದೊಡ್ಡ ಮೈಯವನು, ಮಾತು ಕಡಿಮೆ. ಹಾಗೆ ಕೊಡುವವರು ನಮ್ಮ ಮಠದಲ್ಲೂ ಹೆಚ್ಚು ಮಂದಿ ಇಲ್ಲ.

ಆ ವರ್ಷ ಗಾಳಿ ತಾಂಡೇಲನ ಕಡೆಗಿತ್ತು. ಊರಿನ ಗುಡ್ಡ ಕಣ್ಣಿಗೆ ಬಿತ್ತು. ದಾರಿಯಲ್ಲಿ ಇನ್ನೊಂದೇ ಒಂದು ಸಣ್ಣ ದ್ವೀಪ. ಅಷ್ಟರಲ್ಲಿ ಪಕ್ಕದ ಕೇರಿಯವರ ದೋಣಿ ಹಿಂದಿನಿಂದ ಬಂದು ಸಮಸಮಕ್ಕೆ ನಿಂತಿತು. ತಾಂಡೇಲ ದೋಣಿ ಹಗುರ ಮಾಡಲು ಹೊರಟ. ಅಡಿಗೆ ಪಾತ್ರೆಗಳನ್ನು ನೀರಿಗೆಸೆದ, ಉಳಿದ ಅಕ್ಕಿಯನ್ನು ಸುರಿದ. ಸಾಲಲಿಲ್ಲ. ಆಮೇಲೆ ಅವನ ಕಣ್ಣು ದೋಣಿಯಲ್ಲಿ ಕೂತವರ ಮೇಲೆ ಬಿತ್ತು.

ಮೈಭಾರದ ಮೂವರನ್ನು ದ್ವೀಪದಲ್ಲಿ ಇಳಿಸುವುದೆಂದು ಅವನು ತೀರ್ಮಾನಿಸಿದ. ಹಗುರಾದ ದೋಣಿ ಬಹಳ ಮುಂದೆ ಹೋಗುತ್ತದೆ. ಊರು ಮುಟ್ಟುವ ಹೊತ್ತಿಗೆ ಭರತದ, ಅಂದರೆ ಉಬ್ಬರದ, ನೀರೇ ಅದನ್ನು ಬಾವುಟದ ಹತ್ತಿರ ತಂದು ಬಿಡುತ್ತದೆ. ಅಷ್ಟಕ್ಕೆ ಉಳಿದವರು ಸಾಕು. ಹೀಗೆ ಅವನ ಲೆಕ್ಕ. ಆ ಮೂವರಲ್ಲಿ ಅಣ್ಣನೂ ಒಬ್ಬ.

"ಗೆದ್ದ್ ಕೂಡ್ಲೆ ನಾನೇ ಬಂದ್ ಕರ್ಕಂಡ್ ಹೋತೆ ಅಣ್ಣ," ಎಂದ ತಾಂಡೇಲ, ಮುಖ ನೋಡದೆ.

"ಆಯ್ತ್ ಮಾರಾಯ. ಗಾಳಿ ಬೀಳುದ್ರೊಳ್ಗೆ ಹೋಗ್," ಎಂದು ಅಣ್ಣ ಮೊಣಕಾಲುದ್ದದ ನೀರಿಗೆ ಇಳಿದ. ಇಳಿದವನು ಸುಮ್ಮನಿರದೆ ದೋಣಿಯನ್ನು ಮುಂದಕ್ಕೆ ತಳ್ಳಿಯೂ ಕೊಟ್ಟ.

ದೋಣಿ ಹಾರಿಕೊಂಡು ಹೋಯಿತು. ಎಷ್ಟು ಬೇಗ ಹೋಯಿತೆಂದರೆ, ಭರತ ಏರುವ ಮೊದಲೇ ಊರು ಮುಟ್ಟಿತು. ನೀರು ಹಿಂದೆ ಸರಿದಿತ್ತು. ಬಾವುಟದವರೆಗೆ ಬರೀ ಮರಳು. ಉಳಿದವರು ಹೆಗಲು ಕೊಟ್ಟು ಎಳೆದರು. ಅರ್ಧ ದಾರಿಗೆ ದೋಣಿ ಹೂತು ನಿಂತಿತು. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಹಿಂದಿನಿಂದ ಹೆಗಲು ಕೊಡುತ್ತಿದ್ದವನು ಯಾವಾಗಲೂ ಅಣ್ಣನೇ ಎಂಬುದು ತಾಂಡೇಲನಿಗೆ ಆಗ ನೆನಪಾಯಿತು. ಅಷ್ಟರಲ್ಲಿ ಪಕ್ಕದ ಕೇರಿಯವರು ಬಂದಿಳಿದರು. ಅದೇ ಮರಳಿನಲ್ಲಿ, ಅವನ ಕಣ್ಣೆದುರೇ, ಎಲ್ಲರೂ ಸೇರಿ ತಮ್ಮ ದೋಣಿಯನ್ನು ಎಳೆದು ಬಾವುಟ ದಾಟಿಸಿದರು.

ಭರತ ಬಂದು ದೋಣಿ ತೇಲಿದಾಗ ತಾಂಡೇಲ ಅದನ್ನು ದಡಕ್ಕೇರಿಸಲಿಲ್ಲ. ದ್ವೀಪದ ಕಡೆಗೆ ತಿರುಗಿಸಿದ. ಅಣ್ಣ ನೀರಿನಂಚಿಗೇ ಬಂದು ನಿಂತಿದ್ದ.

"ಗೆದ್ಯಾ ತಮ್ಮಾ?" ಎಂದ.

ತಾಂಡೇಲನಿಗೆ ಅಳು ಬಂತು. ಅಣ್ಣ ಉಳಿದಿಬ್ಬರ ಜೊತೆ ದೋಣಿ ಹತ್ತಿ ಊರಿಗೆ ಬಂದ. ಮನೆಯಲ್ಲಿ ಒಟ್ಟಿಗೆ ಕೂತು ಉಂಡ. ತಮ್ಮನನ್ನು ಯಾರಾದರೂ ಆಡಿಕೊಂಡರೆ ಅವರ ಬಾಯಿ ಮುಚ್ಚಿಸಿದ. ಮರುವರ್ಷ ಪಂದ್ಯದ ದಿನ ತಾನೇ ನಿಂತು ಹಾಯಿ ಕಟ್ಟಿಸಿದ, ನೀರು ತುಂಬಿಸಿದ. ಹೊರಡುವಾಗ ತಾಂಡೇಲ ಕೈ ಹಿಡಿದು ಕರೆದರೆ ನಕ್ಕುಬಿಟ್ಟ. "ನಾನ್ ಭಾರ ಆತೆ ಮಾರಾಯ. ನೀವ್ ಹೋಯ್ ಬನ್ನಿ," ಎಂದ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಚುಚ್ಚಬೇಕೆಂದು ಆಡಿದ್ದೂ ಅಲ್ಲ. ಬೈದಿದ್ದರೆ ತಾಂಡೇಲ ಕಾಲು ಹಿಡಿಯುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅಣ್ಣ ತಾನು ಭಾರವೆಂದು ನಿಜವಾಗಿಯೂ ನಂಬಿಬಿಟ್ಟಿದ್ದ. ಸಾಯುವವರೆಗೂ ಅವನು ಆ ದೋಣಿ ಹತ್ತಲಿಲ್ಲ. ಮುಂದೆ ಒಂದು ವರ್ಷ ತಾಂಡೇಲ ಗೆದ್ದ. ಮೊದಲು ಕಡಲಿಗಿಳಿಯುವಾಗ ದಂಡೆಯ ಮೇಲೆ ನಿಂತ ಅಣ್ಣನನ್ನು ತಿರುಗಿ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಮರಳಿನಲ್ಲಿ ಎಳೆಯಲು ಜನ ಬೇಕೆಂದು ಅವನು ಮೊದಲೇ ಯೋಚಿಸಬೇಕಿತ್ತು. ನನಗೂ ಮುಂದೆ ಎಲ್ಲಾದರೂ ಬೋಳಯ್ಯ ಬೇಕಾಗಬಹುದು. ಅವನನ್ನು ಬಿಡುವುದಿಲ್ಲ."

ಗುರುಗಳು ಅವನನ್ನೇ ನೋಡಿ ಹೇಳಿದರು: "ಬೇಕೋ ಬೇಡವೋ ಎಂದು ತೂಗಿದಾಗಲೇ ಬೋಳಯ್ಯನನ್ನು ನೀನು ಇಳಿಸಿಯಾಯಿತು, ಮಗು."